ಅಪ್ಪನ ಹಲ್ಲಿನ ಸೆಟ್ಟು

ಬೆಳಗಿನ ಏಳೂಕಾಲಿಗೆ ಸರಿಯಾಗಿ ನಿಜಗುಣಪ್ಪನ ದನಿ ಓಣಿಯ ತುದಿಯಲ್ಲಿ ಕೇಳಿಸಿತು. ನಿಜಗುಣಪ್ಪ ಮಾತ್ರ ತನ್ನ ಮನೆಯ ಬಚ್ಚಲಲ್ಲಿ, ಕೈಯಲ್ಲೊಂದು ಸ್ಟೀಲಿನ ಲೋಟ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದ. "ಮಾನ್ಯ ನಾಗರಿಕ ಬಂಧುಗಳೇ, ಹಸಿ ಕಸವನ್ನು ಹಸಿರು ಬುಟ್ಟಿಯಲ್ಲಿಯೂ ಒಣ ಕಸವನ್ನು ನೀಲಿ ಬುಟ್ಟಿಯಲ್ಲಿಯೂ ಹಾಕತಕ್ಕದ್ದು" ಎಂದು ದನಿ ಹತ್ತಿರ ಹತ್ತಿರ ಬರುತ್ತಿತ್ತು. ಎರಡು ವರ್ಷದ ಹಿಂದೆ, ಹೈಸ್ಕೂಲಿನ ವಿಜ್ಞಾನದ ಮಾಸ್ತರಿಕೆಯಿಂದ ನಿವೃತ್ತನಾದ ಹೊಸದರಲ್ಲಿ, ವಾರ್ಡಿನ ಸ್ವಚ್ಛತಾ ರಾಯಭಾರಿ ಎಂದು ಅವನಿಗೆ ಶಾಲು ಹೊದಿಸಿದ್ದರು. ಶಾಲಿನ ಮಡಿಕೆ ಬಿಚ್ಚುವ ಮೊದಲೇ ಅವನು ಕಸದ ಗಾಡಿಗೆ ತನ್ನ ದನಿ ಕೊಟ್ಟುಬಿಟ್ಟಿದ್ದ. ಅಂದಿನಿಂದ ಬೈಲಹೊಂಗಲದ ಆ ಏಳು ಓಣಿಗಳ ಜನ ದಿನಾ ಅವನ ದನಿಗೆ ಎಚ್ಚರಾಗಿ, ಅವನ ದನಿಗೇ ಒಂದಿಷ್ಟು ಬೈದು, ಬುಟ್ಟಿ ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಮೊದಮೊದಲು ಅದನ್ನು ಕೇಳಿ ಅವನಿಗೆ ಎದೆ ಉಬ್ಬುತ್ತಿತ್ತು. ಈಗ ಯಾರೋ ಮೇಲಧಿಕಾರಿ ತಪಾಸಣೆಗೆ ಬಂದಂತೆ ಅನಿಸುತ್ತಿತ್ತು. ಲೋಟದಲ್ಲಿ ಅಪ್ಪನ ಹಲ್ಲಿನ ಸೆಟ್ಟು ಇತ್ತು. ಮೇಲಿನದೂ ಕೆಳಗಿನದೂ ಒಂದರ ಮೇಲೊಂದು ಕೂತು ನೀರೊಳಗಿಂದ ಅವನನ್ನೇ ನೋಡಿ ನಗುತ್ತಿದ್ದವು. ಅಪ್ಪ ಮಡಿವಾಳೆಪ್ಪ ಮಣ್ಣಿಗೆ ಹೋಗಿ ಇಂದಿಗೆ ಇಪ್ಪತ್ತಾರು ದಿನವಾಗಿತ್ತು.

ಹಸಿಯೋ, ಒಣದೋ? ಇಡೀ ವಾರ್ಡಿಗೆ ಪಾಠ ಹೇಳಿದವನಿಗೆ ಇಪ್ಪತ್ತಾರು ದಿನದಿಂದ ಇದೊಂದು ಬಗೆಹರಿದಿರಲಿಲ್ಲ. ಬಾಯೊಳಗೆ ಇದ್ದದ್ದು, ಎಂಜಲು ಹತ್ತಿದ್ದು, ಹಾಗಾದರೆ ಹಸಿ. ಆದರೆ ಕೊಳೆಯುವುದಿಲ್ಲ, ಪ್ಲಾಸ್ಟಿಕ್ಕಿನ ಬಳಗದ್ದು, ಹಾಗಾದರೆ ಒಣ. ತಾನೇ ಬರೆದು ಹಂಚಿದ ಕರಪತ್ರವನ್ನು ತೆಗೆದು ನೋಡಿದ್ದ. ಕಾಗದ ಉಳಿಸಿ ಎಂದು ಅಚ್ಚು ಹಾಕಿಸಿದ ಆ ಕರಪತ್ರಗಳ ಅರ್ಧ ಗಂಟು ಇನ್ನೂ ಮಂಚದ ಕೆಳಗೇ ಇತ್ತು. ಅದರಲ್ಲಿ ಕೂಸಿನ ಡೈಪರಿಗೆ ಒಂದು ಸಾಲಿತ್ತು, ಒಡೆದ ಬಲ್ಬಿಗೆ ಒಂದು ಸಾಲಿತ್ತು, ಅಪ್ಪನಿಗೆ ಏನೂ ಇರಲಿಲ್ಲ. ಹಿತ್ತಲ ಗೊಬ್ಬರದ ಗುಂಡಿಯಲ್ಲಿ ಹುಗಿದುಬಿಡೋಣ ಎಂದರೆ, ಆ ಗುಂಡಿಯ ಮುಂದೆಯೇ ನಿಂತು ಸಾಲೆಯ ಮಕ್ಕಳಿಗೆ, ಮಣ್ಣು ಇದನ್ನೆಲ್ಲ ನೂರಾರು ವರ್ಷ ಜೀರ್ಣಿಸಿಕೊಳ್ಳುವುದಿಲ್ಲ ಎಂದು ಕೈ ಬೀಸಿ ಬೀಸಿ ಹೇಳಿದ್ದ. ಸಂಪಗಾಂವದ ಹೊಲದಲ್ಲಿ ಅಪ್ಪನನ್ನು ಕೂರಿಸಿ ವಿಭೂತಿ ತುಂಬಿ ಮುಚ್ಚಿದ ಜಾಗದ ಬದಿಗೆ ಇಟ್ಟರೆ? ಅಪ್ಪ ಮಣ್ಣಾಗುತ್ತಾನೆ, ತಾನೂ ಮಣ್ಣಾಗುತ್ತೇನೆ, ಹಲ್ಲು ಮಾತ್ರ ಹಾಗೆಯೇ ಉಳಿದು, ಮುಂದೆ ಯಾವನೋ ಕುಂಟೆ ಹೊಡೆಯುವಾಗ ಎದ್ದು ಬಂದು ಅವನನ್ನು ನೋಡಿ ನಗುತ್ತದೆ. ಒಂದು ದಿನ ಧೈರ್ಯ ಮಾಡಿ ಬಸ್‌ಸ್ಟ್ಯಾಂಡಿನ ಕಸದ ಡಬ್ಬಿಯವರೆಗೂ ಒಯ್ದಿದ್ದ. ಹಳೆಯ ವಿದ್ಯಾರ್ಥಿಯೊಬ್ಬ ಎದುರು ಬಂದು "ನಮಸ್ಕಾರ್ರೀ ಸರ" ಎಂದು ಕಾಲು ಮುಟ್ಟಲು ಬಗ್ಗಿದ್ದೇ ತಡ, ಮರಳಿ ಜೇಬಿಗೆ ಹಾಕಿಕೊಂಡು ಬಂದಿದ್ದ.

ಅಪ್ಪನಿಗೆ ಕಸ ಎನ್ನುವುದೇ ಗೊತ್ತಿರಲಿಲ್ಲ. ಡೊಂಕು ಮೊಳೆಯನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ ಡಬ್ಬಿಯಲ್ಲಿ ಹಾಕುತ್ತಿದ್ದ. ಹಾಲಿನ ಪಾಕೀಟನ್ನು ತೊಳೆದು ಹಗ್ಗದ ಮೇಲೆ ಒಣಹಾಕುತ್ತಿದ್ದ. ಮದುವೆ ಕಾರ್ಡಿನ ಹಿಂದಿನ ಬಿಳಿ ಬದಿಯಲ್ಲಿ ವಚನ ಬರೆದುಕೊಳ್ಳುತ್ತಿದ್ದ. ಜಳಕದ ನೀರು ಕಾಲುವೆ ಮಾಡಿಕೊಂಡು ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. ಅಪ್ಪನ ಕೋಣೆ ಎಂದರೆ ಸುತಳಿಯ ಉಂಡೆಗಳು, ಹಿಡಿಕೆ ಇಲ್ಲದ ಕೊಡೆಗಳು, ಮುಚ್ಚಳ ಇಲ್ಲದ ಡಬ್ಬಿಗಳು, ಡಬ್ಬಿ ಇಲ್ಲದ ಮುಚ್ಚಳಗಳು. ಮನೆಗೆ ಬಂದವರು ಆ ಕೋಣೆಯ ಕಡೆ ನೋಡದಂತೆ ನಿಜಗುಣಪ್ಪ ಪರದೆ ಹಾಕಿಸಿದ್ದ. ರಾಯಭಾರಿಯ ಮನೆಯಲ್ಲೇ ಇಷ್ಟು ಕಸವೇ ಎಂದಾರು. ಕಳೆದ ವರ್ಷ ಸ್ವಚ್ಛತಾ ಸಪ್ತಾಹದಲ್ಲಿ ಆ ಕೋಣೆಯನ್ನೇ ಖಾಲಿ ಮಾಡಿಸಿದ. ಗಾಡಿ ಎರಡು ಸಲ ಬಂದು ಹೋಯಿತು, ಪೇಪರಿನಲ್ಲಿ ಫೋಟೋ ಬಂತು. ಫೋಟೋದ ಒಂದು ಮೂಲೆಯಲ್ಲಿ, ನೋಡಿದವರಿಗೆ ಮಾತ್ರ ಕಾಣುವಂತೆ, ಅಪ್ಪ ಎದೆಗೆ ಒಂದು ಮೊಳೆಯ ಡಬ್ಬಿ ಅವಚಿಕೊಂಡು ಕೂತಿದ್ದ. ಅಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ಬಹಳ ಶಾಂತವಾಗಿ ಕೇಳಿದ್ದ. "ಅಲ್ಲೋ ನಿಜಗುಣಾ, ನನ್ನ ಯಾವ ಬುಟ್ಟ್ಯಾಗ ಹಾಕಾಂವ? ಹಸರದಾಗೋ, ನೀಲೀದಾಗೋ?" ಮಹಾನಂದಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ನಿಜಗುಣಪ್ಪ ನಗಲಿಲ್ಲ. ಅನ್ನ ತಟ್ಟೆಯಲ್ಲಿ ಬಿಡುವುದು ಪಾಪ ಎಂದು ಭಾಷಣ ಮಾಡುವವನು ಅಂದು ಅರ್ಧ ಊಟ ಬಿಟ್ಟು ಎದ್ದಿದ್ದ.

ಆಮೇಲೆ ಅಪ್ಪನ ಬಳಿ ಉಳಿದದ್ದು ಮೊಳೆಯ ಡಬ್ಬಿ, ಕಬ್ಬಿಣ ಉಜ್ಜುವ ಒಂದು ಕಾನಸು, ಬಾಯಲ್ಲಿನ ಸೆಟ್ಟು. ಅಪ್ಪ ಮುಂಬಾಗಿಲ ಬೇವಿನ ಕಟ್ಟೆಯ ಮೇಲೆ ಕೂತು, ಕುಡಗೋಲು ಮಸೆಯುವವನ ಏಕಾಗ್ರತೆಯಿಂದ, ಆ ಕಾನಸಿನಿಂದ ಹಲ್ಲಿನ ಸೆಟ್ಟನ್ನು ತಿಕ್ಕುವುದನ್ನು ನಿಜಗುಣಪ್ಪ ಎರಡು ಮೂರು ಸಲ ನೋಡಿದ್ದ. ಡಾಕ್ಟರು ಅಳತೆ ತೆಗೆದು ಮಾಡಿಕೊಟ್ಟದ್ದನ್ನು ಹೀಗೆ ಕೆಡಿಸುವುದುಂಟೇ! ಮುದುಕನಿಗೆ ತಲೆ ಕೆಡುತ್ತ ಬಂತು ಎಂದುಕೊಂಡ. ಅಲ್ಲಿಂದ ಆ ಸೆಟ್ಟು ಬಾಯಲ್ಲಿ ಸಡಿಲಾಗಿ, ಅಪ್ಪ ಮಾತಾಡಿದರೆ ಕಟಕಟ ಎನ್ನುತ್ತಿತ್ತು. ಪರಿಸರ ದಿನದ ಸಭೆ ಮನೆಯಲ್ಲೇ ನಡೆದಾಗ ಅಪ್ಪ ಅತಿಥಿಗಳಿಗೆ "ಚಾ ಕುಡೀರಿ" ಎಂದ ಮಾತಿಗೆ ಮೇಲಿನ ಸಾಲು ಕಳಚಿ ಬಸಿಯಲ್ಲಿ ಬಿತ್ತು. ಎಲ್ಲರೂ ನೋಡಲಿಲ್ಲ ಎಂಬಂತೆ ಗೋಡೆಯ ಕ್ಯಾಲೆಂಡರು ನೋಡಿದರು. ಅಂದಿನ ಸಿಟ್ಟೇ ಇನ್ನೂ ಹೊಟ್ಟೆಯಲ್ಲಿತ್ತೋ ಏನೋ, ಅದಕ್ಕೇ ಅಪ್ಪ ಹಾಸಿಗೆ ಹಿಡಿದಾಗ ಆ ಮಾತು ಬಾಯಿಂದ ಬಂತೋ ಏನೋ. ಇಲ್ಲ, ಸುಳ್ಳು. ಸಿಟ್ಟಿಗೆ ಬಂದದ್ದಲ್ಲ, ನಾಲ್ಕು ಜನ ನಗಲಿ ಎಂದು ಆಡಿದ್ದು.

ಅಂದು ಸಂತೆಯ ದಿನ, ಮಧ್ಯಾಹ್ನ. ಅಪ್ಪ ಹಾಸಿಗೆ ಹಿಡಿದು ಹತ್ತು ದಿನವಾಗಿತ್ತು, ಬರೀ ಗಂಜಿ, ಬರೀ ಹಾಲು. ನೋಡಲು ಬಂದ ಬಂಧುಬಳಗ ಪಡಸಾಲೆಯ ತುಂಬ ಕೂತಿತ್ತು. ಮಹಾನಂದಾ ಎಲ್ಲರಿಗೂ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದ್ದಳು. ಅಪ್ಪ ಕಣ್ಣು ತೆರೆದು, ಎಲ್ಲರನ್ನೂ ಒಂದು ಸುತ್ತು ನೋಡಿ, ಗೋಡೆಯ ಮಾಡದಲ್ಲಿದ್ದ ಸ್ಟೀಲಿನ ಲೋಟದ ಕಡೆ ಕೈ ಮಾಡಿದ. "ಹಲ್ಲು ತಾ" ಎಂದ. ಎರಡನೆಯ ಸಲವೂ ಅದನ್ನೇ ಹೇಳಿದ. ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ ಬೊಚ್ಚು ಬಾಯಲ್ಲಿ ಕೂಸಿನಂತೆ ಕೇಳುತ್ತಿದ್ದ. ನಿಜಗುಣಪ್ಪ ರೊಟ್ಟಿ ಮುರಿಯುತ್ತಿದ್ದವನು ಎದ್ದು ಕೊಡಬಹುದಿತ್ತು, ನಾಲ್ಕು ಹೆಜ್ಜೆಯ ಕೆಲಸ. "ಈಗ್ಯಾಕಪ್ಪಾ ಹಲ್ಲು? ಯಾರನ್ನ ಕಡಿಯಾಂವ ಅದಿ?" ಎಂದ. ಪಡಸಾಲೆ ಘೊಳ್ಳೆಂದಿತು. ಸಂಪಗಾಂವದಿಂದ ಬಂದ ಅಪ್ಪನ ಗೆಳೆಯ ಅಮೋಘಸಿದ್ದಪ್ಪನೂ ನಕ್ಕ, ಅವನ ಬಾಯಲ್ಲೂ ಒಂದೂ ಹಲ್ಲು ಇರಲಿಲ್ಲ. ಅಪ್ಪ ಒಬ್ಬ ಮಾತ್ರ ನಗದೆ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದ. ಮುಚ್ಚಿದ ಬಾಯಿ ಮತ್ತೆ ಮಾತಿಗೆ ತೆರೆಯಲಿಲ್ಲ. ಮೂರನೆಯ ದಿನ ಹೋದ. ಮುಂಬಾಗಿಲಲ್ಲಿ ಹೂವಿನ ಹಾರ ಹಾಕಿ ಕೂರಿಸಿದಾಗ ಗಲ್ಲಗಳು ಒಳಗೆ ಹೋಗಿ ಅಪ್ಪ ಇನ್ನೂ ಮುನಿಸಿಕೊಂಡೇ ಕೂತಂತೆ ಕಾಣುತ್ತಿತ್ತು. ಹಲ್ಲು ಹಾಕಬೇಕಾಗಿತ್ತು ಎಂದು ಯಾರೋ ಅಂದರು. ಅಷ್ಟರಲ್ಲಿ ಭಜನೆಯವರು ತಾಳ ಎತ್ತಿದ್ದರು.

"ರೀ, ಗಾಡಿ ಬಂತ್ರಿ!" ಮಹಾನಂದಾ ಅಡುಗೆಮನೆಯಿಂದ ಕೂಗಿದಳು. ನಿಜಗುಣಪ್ಪ ಅವಸರದಲ್ಲಿ ಲೋಟದ ನೀರು ಚೆಲ್ಲಿದ. ಆ ನೀರು ಕರಿಬೇವಿನ ಗಿಡದ ದಾರಿ ಹಿಡಿದು ಹೋಗುವುದನ್ನು ಒಂದು ಕ್ಷಣ ನೋಡಿದ. ಸೆಟ್ಟನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಅಪ್ಪನ ಮೊಳೆಯ ಡಬ್ಬಿಯಲ್ಲಿ ಉಳಿದಿದ್ದ ಸುತಳಿ ಬಿಗಿದು, ನೀಲಿ ಬುಟ್ಟಿಯಲ್ಲಿ ಬಿಸ್ಕೀಟಿನ ಕಾಗದಗಳ ಕೆಳಗೆ ತುರುಕಿದ. ಆಯಿತು, ತೀರ್ಮಾನವಾಯಿತು: ಒಣ ಕಸ. ಬಾಗಿಲಿಗೆ ಬಂದಾಗ ಮುಖದ ಮೇಲೆ ಎಂದಿನ ರಾಯಭಾರಿಯ ನಗೆ ತಂದುಕೊಂಡ.

ಗಾಡಿಯ ಬಾಯವ್ವನ ಕೈ ಸಾಮಾನ್ಯದ್ದಲ್ಲ. ಕಣ್ಣು ಎಲ್ಲೋ ಇರುತ್ತದೆ, ಬಾಯಿ ಯಾರೊಂದಿಗೋ ಮಾತಾಡುತ್ತಿರುತ್ತದೆ, ಕೈ ಮಾತ್ರ ಬುಟ್ಟಿಯೊಳಗೆ ಹೋಗಿ ಗಾಜು, ತಗಡು, ಬ್ಲೇಡು ಎಲ್ಲವನ್ನೂ ಮುಟ್ಟಿ ಬೇರೆ ಮಾಡಿ ಬರುತ್ತದೆ. ಆ ಕೈ ಪೊಟ್ಟಣದ ಮೇಲೆ ನಿಂತಿತು.

"ಸರ, ಇದೇನ್ರಿ ಕಟ್ಟಿ ಕೊಟ್ಟೀರಿ? ಗಟ್ಟಿ ಐತಿ."

"ಒಣ ಕಸ. ಹಾಕ ಬೇ."

"ಬಿಚ್ಚಿ ಕೊಡಬೇಕಂತ ನೀವ ಹೇಳಾಕ ಹತ್ತೀರಲ್ರಿ, ಕೇಳ್ರಿ ಬೇಕಾರ."

ಗಾಡಿಯ ಮೇಲಿನ ಮೈಕಿನ ಡಬ್ಬಿ ಆ ಹೊತ್ತಿಗೆ ಸರಿಯಾಗಿ, ಅವನದೇ ದನಿಯಲ್ಲಿ, ಮಾಸ್ತರಿಕೆಯ ಗತ್ತಿನಲ್ಲಿ ಹೇಳುತ್ತಿತ್ತು: "ಕಟ್ಟಿದ ಪೊಟ್ಟಣಗಳನ್ನು ಯಾವ ಕಾರಣಕ್ಕೂ ಸ್ವೀಕರಿಸಲಾಗುವುದಿಲ್ಲ. ಮರೆಮಾಚುವುದರಿಂದ ಕಸ ಇಲ್ಲವಾಗುವುದಿಲ್ಲ." ಆ ಕೊನೆಯ ವಾಕ್ಯ ಬರೆದ ದಿನ ಅದನ್ನು ಎರಡು ಸಲ ಮಹಾನಂದಾಳಿಗೆ ಓದಿ ಹೇಳಿದ್ದ. ಅವನು ಕೈ ಮುಂದೆ ಮಾಡುವುದರೊಳಗೆ ಬಾಯವ್ವ ಸುತಳಿ ಜಗ್ಗಿದಳು. ಪೇಪರು ಬಿಚ್ಚಿತು. ಬೆಳಗಿನ ಎಳೆ ಬಿಸಿಲಿಗೆ ಅಪ್ಪನ ಹಲ್ಲುಗಳು ಇಡೀ ಓಣಿಯನ್ನು ನೋಡಿ ನಕ್ಕವು.

"ಅಯ್ಯ ಶಿವನ! ಮಡಿವಾಳಜ್ಜಾರ ಹಲ್ಲಲ್ರಿ ಇವು!"

ಎದುರುಮನೆಯ ರಾಮವ್ವ ಅಂಗಳ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಬಂದಳು. "ಹೆತ್ತಪ್ಪನ ಹಲ್ಲ ಕಸದ ಗಾಡಿಗೆ ಹಾಕಾಕ ಹತ್ತಿಯೇನೋ ಮಾಸ್ತರ? ಒಂದು ತಿಂಗಳರ ತುಂಬಲಿಲ್ಲಲ್ಲೋ!"

ನಿಜಗುಣಪ್ಪನ ಮುಖ ಹುಳ್ಳಗಾಯಿತು. ಪರಿಸರ, ವಿಂಗಡಣೆ, ವೈಜ್ಞಾನಿಕ ವಿಲೇವಾರಿ ಎಂಬ ಶಬ್ದಗಳು ಗಂಟಲವರೆಗೆ ಬಂದು ನಾಚಿಕೊಂಡು ಮರಳಿದವು. ಬಾಯವ್ವ ಮಾತ್ರ ಬೈಯಲಿಲ್ಲ. ಕೈಗವಸು ತೆಗೆದು, ಬರಿಗೈಯಲ್ಲಿ ಹಲ್ಲುಗಳನ್ನು ಎತ್ತಿ, ಸೆರಗಿನಿಂದ ಒರೆಸಿದಳು.

"ಇವು ಯಾ ಬುಟ್ಟಿಗೂ ಬರಂಗಿಲ್ರಿ ಸರ. ಇವಕ್ಕ ವಾರಸದಾರ ಅದಾನ್ರಿ."

"ಯಾರು? ನಾನ ಅಲ್ಲ?"

"ನಿಮಗ್ಯಾಕ್ರಿ ಹಲ್ಲು, ನಿಮಗ ಅದಾವಲ್ಲ. ಸಂಪಗಾಂವದ ಅಮೋಘಸಿದ್ದಜ್ಜ. ಸಂತಿ ದಿನ ಮುಂಜಾನೆ ಬಸ್ಸಿಗೆ ಬರತಿದ್ರು, ಈ ಕಟ್ಟಿ ಮ್ಯಾಲ ಕುಂಡ್ರತಿದ್ರು. ನಿಮ್ಮ ಅಪ್ಪಾರು ನಾಷ್ಟಾ ಮುಗಿಸಿ ಹಲ್ಲ ತಗದು, ನಳದಾಗ ತೊಳದು, ಅವರ ಕೈಯಾಗ ಕೊಡತಿದ್ರು. ಅವರು ಹಾಕ್ಕೊಂಡು ಖಾನಾವಳಿಗೆ ಹೋಗಿ ಕಟಕ ರೊಟ್ಟಿ ತಿಂದು, ಸಂಜಿ ಬಸ್ಸಿಗೆ ಹೋಗೂಮುಂದ ತಿರುಗಿ ಕೊಟ್ಟು ಹೋಗತಿದ್ರು. ಇಬ್ಬರಿಗೂ ಹೊಂದಲಿ ಅಂತ ಅಜ್ಜಾರು ಕಾನಸಲೆ ತಿಕ್ಕಿ ತಿಕ್ಕಿ ಇಟ್ಟಿದ್ರಲ್ರಿ. ವರ್ಷಾತು. ಓಣಿಗೆಲ್ಲಾ ಗೊತ್ತೈತಿ."

"ನನಗ ಗೊತ್ತಿಲ್ಲ!"

"ನೀವು ಆವಾಗ ಸೀಟಿ ಊದಕೋತ ನಮ್ಮ ಗಾಡಿ ಮುಂದ ಹೋಗತಿದ್ರಲ್ರಿ" ಎಂದಳು ಬಾಯವ್ವ, ಎಳ್ಳಷ್ಟೂ ಕೊಂಕಿಲ್ಲದೆ. ಹಲ್ಲುಗಳನ್ನು ಅವನ ಅಂಗೈಯಲ್ಲಿಟ್ಟು, ಗಾಡಿಯ ಬದಿಗೆ ಎರಡು ಸಲ ಬಡಿದಳು. ಗಾಡಿ ಮುಂದೆ ಹೋಯಿತು, ಅವನ ದನಿಯನ್ನೂ ಕರೆದುಕೊಂಡು ಹೋಯಿತು.

ಮಹಾನಂದಾಳಿಗೂ ಗೊತ್ತಿತ್ತು. ಚಹಾದ ಬಸಿ ಮುಂದಿಡುತ್ತ ಅವಳು ತಲೆ ಎತ್ತಲಿಲ್ಲ. "ನಿಮಗ ಹೇಳಿದ್ರ ಅದರ ಮ್ಯಾಲೊಂದು ಭಾಷಣಾ ಮಾಡತಿದ್ರಿ. ರೋಗ ಬರತೈತಿ, ನಂಜು ಆಕೈತಿ ಅಂತ ಆ ಮುದುಕರ ಹಲ್ಲೂ ಕಸಗೊಂಡು ಇಡತಿದ್ರಿ. ಮಾವಾರ ನನಗ ಆಣಿ ಹಾಕಿಸಿದ್ರು." ಬಸಿಯನ್ನು ಇನ್ನಷ್ಟು ಹತ್ತಿರ ಸರಿಸಿ ಹೇಳಿದಳು: "ಅವತ್ತ ಸಂತಿ ಇತ್ತು. ಅಮೋಘಸಿದ್ದಪ್ಪನೋರ ಮುಂದ ರೊಟ್ಟಿ ತಾಟು ಹಂಗ ಇತ್ತು. ಮಾವಾರು ಅದನ್ನ ನೋಡೇ ಹಲ್ಲ ಕೇಳಿದ್ರು. ನೀವು ನಗಿಸಿದ್ರಿ. ಆ ಹಿರ್ಯಾರು 'ಹೊಟ್ಟಿ ತುಂಬೇತಿ ತಂಗಿ' ಅಂತ ಬರೇ ನೀರು ಕುಡದು ಹೋದ್ರು."

ನಿಜಗುಣಪ್ಪ ಚಹಾ ಕುಡಿಯಲಿಲ್ಲ. ಅಪ್ಪ ತನಗಾಗಿ ಕೇಳಿರಲಿಲ್ಲ ಎಂಬುದು ಅವನ ಎದೆಯಲ್ಲಿ ನಿಧಾನವಾಗಿ, ಬೇಡವೆಂದರೂ ಕೆಳಗಿಳಿಯಿತು. ಸಾಯುವ ಮನುಷ್ಯ, ಗಂಜಿಯನ್ನಷ್ಟೇ ನುಂಗುತ್ತಿದ್ದ ಮನುಷ್ಯ, ಮನೆಗೆ ಬಂದ ಗೆಳೆಯ ರೊಟ್ಟಿ ತಿನ್ನಲಿ ಎಂದು ಕೇಳಿದ್ದ. ತಾನು ಒಂದು ಲೋಟ ಎತ್ತಿ ಕೊಟ್ಟಿದ್ದರೆ ಆಗುತ್ತಿತ್ತು. ಮರುಬಳಕೆ ಎಂಬ ಶಬ್ದವನ್ನು ಎಷ್ಟು ಸಭೆಗಳಲ್ಲಿ ಆಡಿದ್ದೇನೆ ಎಂದು ನೆನೆದು ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು, ಜತೆಗೆ ಹಾಳಾದ್ದು, ಒಂದಿಷ್ಟು ನಗೆಯೂ ಬಂತು. ಒಂದು ಬಾಯಿಯ ಹಲ್ಲು ಎರಡು ಬಾಯಿಗೆ! ಯಾವ ಕರಪತ್ರ ಬರೆದವನಿಗೆ ಇದು ಹೊಳೆದೀತು?

ಸ್ಕೂಟರು ಸಂಪಗಾಂವದ ದಾರಿ ಹಿಡಿಯಿತು. ಸೆಟ್ಟು ಕರವಸ್ತ್ರದಲ್ಲಿ ಸುತ್ತಿಕೊಂಡು ಅಂಗಿಯ ಎದೆಜೇಬಿನಲ್ಲಿತ್ತು. ತಗ್ಗು ಬಂದಾಗಲೆಲ್ಲ ಕಟಕ್ ಎನ್ನುತ್ತಿತ್ತು, ಹಿಂದಿನ ಸೀಟಿನಲ್ಲಿ ಕೂತ ಅಪ್ಪ ಏನೋ ಹೇಳಲು ಬಾಯಿ ತೆರೆದಂತೆ. ಆ ಹಿಂದಿನ ಸೀಟಿನಲ್ಲಿ ಅಪ್ಪ ಕೂತದ್ದು ಎಷ್ಟು ಸಲ? ಒಮ್ಮೆ ಹಲ್ಲಿನ ಅಳತೆಗೆ, ಒಮ್ಮೆ ಹಲ್ಲು ತರಲು. ತಂದ ದಿನ ದಾರಿಯಲ್ಲಿ ನಿಲ್ಲಿಸು ಎಂದು ಹಟ ಹಿಡಿದು, ಹುರಿದ ಶೇಂಗಾ ಕೊಳ್ಳಿಸಿ, ಒಂದೊಂದೇ ಕಾಳು ಕಡಿದು ನೋಡಿದ್ದ. ಕಡಿದ ಸದ್ದು ಕೇಳಿ ತಾನೇ ಕಣ್ಣರಳಿಸಿದ್ದ. ಮನೆಗೆ ಹೋಗಿ ಆ ಶೇಂಗಾದ ಕಾಗದವನ್ನು ಮಡಚಿ ಇಟ್ಟಿದ್ದ, ಅದೂ ಕಳೆದ ವರ್ಷ ಗಾಡಿಯಲ್ಲಿ ಹೋಗಿರಬೇಕು. ಹೊಲದ ಬದಿಗೆ ಬಂದಾಗ ನಿಜಗುಣಪ್ಪ ಸ್ಕೂಟರು ನಿಲ್ಲಿಸಲಿಲ್ಲ. ಅಪ್ಪನನ್ನು ಕೂರಿಸಿದ ಕಡೆ ಮುಖ ಮಾಡುವಷ್ಟು ಧೈರ್ಯ ಅವನಿಗಿರಲಿಲ್ಲ.

ಅಮೋಘಸಿದ್ದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಒಂದು ಬಟ್ಟಲಲ್ಲಿ ರೊಟ್ಟಿ ನೆನೆಸುತ್ತಿದ್ದ. ಸಾರು ಹಾಕಿ, ಕೈಯಿಂದ ಹಿಸುಕಿ, ರೊಟ್ಟಿ ಮೆತ್ತಗಾಗುವುದನ್ನೇ ಕಾಯುತ್ತಿದ್ದ. ಪಕ್ಕದಲ್ಲಿ ಇನ್ನೂ ನೆನೆಯದ ಎರಡು ಕಟಕ ರೊಟ್ಟಿ ಇದ್ದವು. ನಿಜಗುಣಪ್ಪ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ. ಅದರಲ್ಲಿ ಕ್ಷಮೆ ಎಂಬ ಶಬ್ದ ಎರಡು ಸಲ ಬರುತ್ತಿತ್ತು. ಅದೆಲ್ಲ ಬಿಟ್ಟು, ಜೇಬಿನಿಂದ ಕರವಸ್ತ್ರ ತೆಗೆದು ಮುದುಕನ ಮುಂದೆ ಬಿಚ್ಚಿದ.

"ಕಾಕಾ, ತಡಾ ಆತು."

ಅಮೋಘಸಿದ್ದಪ್ಪ ಹಲ್ಲುಗಳನ್ನು ನೋಡಿದ. "ಸತ್ತವರ ಮನ್ಯಾಗ ಹೋಗಿ ಹಲ್ಲ ಹೆಂಗ ಕೇಳಬೇಕೋ ತಮ್ಮಾ? ಮಡಿವಾಳನ ಉಡ್ಯಾಗ ಇಟ್ಟ ಹೂಳ್ಯಾರು ಅಂದಕೊಂಡಿದ್ದೆ. ಛಲೋ ಆತು ಬಿಡು, ಅವನ ಜೋಡಿ ಹೋಗಲಿ ಅಂತ." ಎದ್ದು, ತಂಬಿಗೆಯ ನೀರಿನಲ್ಲಿ ಸೆಟ್ಟನ್ನು ತೊಳೆದ. ತೊಳೆದ ನೀರನ್ನು ಚೆಲ್ಲದೆ ಅಂಗಳದ ದಾಸವಾಳದ ಗಿಡಕ್ಕೆ ಹಾಕಿದ. ಬೆನ್ನು ತಿರುಗಿಸಿ, ಹೊಸ ಅಂಗಿ ತೊಡುವ ಸಂಕೋಚದಲ್ಲಿ, ಮೇಲಿನದು ಕೂರಿಸಿಕೊಂಡ, ಕೆಳಗಿನದು ಕೂರಿಸಿಕೊಂಡ. ಆಮೇಲೆ ತಿರುಗಿ ನಕ್ಕ.

ಕಣ್ಣು ಅಮೋಘಸಿದ್ದಪ್ಪನವು, ಮೂಗು ಅಮೋಘಸಿದ್ದಪ್ಪನದು, ನಗೆ ಮಾತ್ರ ಅಪ್ಪನದು. ಶೇಂಗಾ ಕಡಿದು ನೋಡಿದ ದಿನದ ನಗೆ. ಅದನ್ನು ನಿಜಗುಣಪ್ಪ ನೀಲಿ ಬುಟ್ಟಿಗೆ ಹಾಕಿದ್ದ.

ಮುದುಕ ಹತ್ತಿರ ಬಂದ. ಹಲ್ಲು ಕಟಕಟ ಎಂದವು. "ಆತು, ಈಗ ಹೇಳು ಮಾಸ್ತರ" ಎಂದ, "ಯಾರನ್ನ ಕಡಿಯೂಣು?"

ಅದರಲ್ಲಿ ಚೇಷ್ಟೆ ಇತ್ತು, ಚೇಷ್ಟೆಯ ಕೆಳಗೆ ಇಪ್ಪತ್ತೆಂಟು ದಿನ ಕಾದ ಮತ್ತೇನೋ ಇತ್ತು. ಅಂದು ಆ ಮಾತಿಗೆ ತನ್ನ ಜತೆ ನಕ್ಕವನು ಅದನ್ನು ಮರೆತಿರಲಿಲ್ಲ. ನಿಜಗುಣಪ್ಪನಿಗೆ ಉತ್ತರ ಗೊತ್ತಿತ್ತು. ಅಂಗಿಯ ತೋಳು ಮೇಲೆ ಮಾಡಿ, ಪರೀಕ್ಷೆಯಲ್ಲಿ ತಪ್ಪು ಬರೆದ ಹುಡುಗ ಛಡಿ ಏಟಿಗೆ ಕೈ ಚಾಚುವಂತೆ, ಬಲಗೈ ಚಾಚಿದ. ಅಮೋಘಸಿದ್ದಪ್ಪ ಆ ಕೈಯನ್ನೂ ಅವನ ಮುಖವನ್ನೂ ನೋಡಿದ. ನಗೆ ಇಳಿಯಿತು. ಬಗ್ಗಿ, ಮೊಣಕೈಯ ಕೆಳಗೆ, ಇದ್ದ ಬಲವನ್ನೆಲ್ಲ ಹಾಕಿ ಕಡಿದ.

ನೋವಾಯಿತು. ಚೆನ್ನಾಗಿಯೇ ನೋವಾಯಿತು. ಅಮೋಘಸಿದ್ದಪ್ಪ ಕಟ್ಟೆಗೆ ಮರಳಿ, ನೆನೆಸಿದ ಬಟ್ಟಲನ್ನು ಎಮ್ಮೆಯ ಕಲಗಚ್ಚಿಗೆ ಸುರಿದು, ಒಣ ರೊಟ್ಟಿಯನ್ನು ಎರಡು ತುಂಡು ಮಾಡಿ ಒಂದನ್ನು ಅವನ ಮುಂದೆ ಸರಿಸಿದ. ಕಟ್ಟೆಯ ಮೇಲೆ ಕೂತು ಇಬ್ಬರೂ ಕಟಕಟ ತಿಂದರು.

ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಕೈಕಾಲು ತೊಳೆಯಲು ಹೋದವನು ಬಲಗೈಗೆ ನೀರು ಹಾಕಿಕೊಳ್ಳದೆ ಬಂದ. ಮಹಾನಂದಾ ಊಟಕ್ಕೆ ಬಡಿಸುವಾಗ ಆ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಮೇಲೊಂದು ಕೆಳಗೊಂದು, ಎರಡು ಅರ್ಧಚಂದ್ರ, ಕೆಂಪಗೆ ಎದ್ದಿದ್ದವು.

"ಅಯ್ಯ, ಏನಾತ್ರಿ ಇದು? ನಾಯಿ ಕಡೀತೇನ್ರಿ? ಸೂಜಿ ಮಾಡಿಸ್ಕೊಂಡ್ರಿಲ್ಲೋ?"

ಇಪ್ಪತ್ತಾರು ದಿನ ಒಣಗಿಯೇ ಇದ್ದ ನಿಜಗುಣಪ್ಪನ ಕಣ್ಣುಗಳು ತುಂಬಿ ಬಂದವು. ಒರೆಸಿಕೊಳ್ಳಲಿಲ್ಲ, ಹಾಗೆಯೇ ನಕ್ಕ.

"ನಾಯಿ ಅಲ್ಲ" ಎಂದ. "ಅಪ್ಪ ಕಡದ."